ಬಿಸಿಲಲ್ಲಿ ವಾಶ್ ಅರ್ಧಕ್ಕೇ ಒಣಗುತ್ತಿದ್ದರೆ

ಹಂಪಿಯ ಹೇಮಕೂಟದ ಮೇಲೆ ಜಲವರ್ಣ ಶಿಬಿರ. ಆಕಾಶಕ್ಕೆ ನೀಲಿ ವಾಶ್ (ನೀರಾಗಿ ಹರಡುವ ತೆಳು ಬಣ್ಣದ ಪದರ) ಎಳೆಯುತ್ತಿದ್ದ ಹಾಗೇ ಅಂಚು ಒಣಗಿ ಗೆರೆ ಬೀಳುತ್ತಿತ್ತು. ಬಣ್ಣಕ್ಕೆ ನೀರು ಜಾಸ್ತಿ ಮಾಡಿದರೆ ಹೂಕೋಸಿನ ಹಾಗೆ ಕಲೆ. ಸ್ಪ್ರೇ ಹೊಡೆದರೆ ಚುಕ್ಕಿ. ಗ್ಲಿಸರಿನ್ ಹಾಕಿದರೆ ಸಂಜೆವರೆಗೂ ಅಂಟಂಟು.

ಕೊನೆಗೆ ಕೆಲಸಕ್ಕೆ ಬಂದಿದ್ದು ಕಾಗದದ ಹಿಂಬದಿಯನ್ನೂ ನೆನೆಸಿದ್ದು. 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಪೂರ್ತಿ ಹತ್ತಿಯ ಕಾಗದವೇ ಬೇಕು, ತೆಳು ಕಾಗದ ಸುಮ್ನೆ ಸುರುಟಿಕೊಳ್ಳುತ್ತದೆ. ಅಗಲ ಬ್ರಷ್‌ನಿಂದ ಮೊದಲು ಹಿಂದೆ, ಆಮೇಲೆ ಮುಂದೆ ನೀರು ಹಚ್ಚಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ಹಾಗೇ ಮಾಡಿ, ಅಕ್ರಿಲಿಕ್ ಶೀಟ್ ಮೇಲೆ ಗಾಳಿಗುಳ್ಳೆ ಉಳಿಯದ ಹಾಗೆ ಒತ್ತಿ. ಮರದ ಹಲಗೆ ಬೇಡ, ಅದೇ ನೀರು ಕುಡಿಯುತ್ತದೆ. ಮೇಲಿನ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದು, ಹೊಳಪು ಮಂಕಾದ ಮೇಲೆ ಗಟ್ಟಿ ಬಣ್ಣ ಎಳೆಯಿರಿ. ಶೀಟನ್ನು ಕಾದ ಬಂಡೆ ಮೇಲಂತೂ ಇಡಬೇಡಿ. ವಿರೂಪಾಕ್ಷ ಗೋಪುರದ ಅಂಚನ್ನು ಮಾತ್ರ ಪೂರ್ತಿ ಒಣಗಿದ ಮೇಲೆ ಬರೆಯಿರಿ.