ಆನೆಗೊಂದಿಯ ಹಳೆ ಮನೆಯಲ್ಲಿ ಅಡುಗೆ ಮಾಡಿಕೊಂಡು ಉಳಿದದ್ದು

ಮದುವೆ ಇದ್ದದ್ದು ಗಂಗಾವತಿಯಲ್ಲಿ, ನಾವು ಉಳಿದದ್ದು ಹಂಪಿ ಹತ್ತಿರದ ಆನೆಗೊಂದಿಯಲ್ಲಿ. ಅವ್ವನಿಗೆ ಶುಗರ್, ಅಪ್ಪನಿಗೆ ಜೋಳದ ರೊಟ್ಟಿ ಇಲ್ಲದಿದ್ದರೆ ಅದು ಊಟವೇ ಅಲ್ಲ, ಮೇಲೆ ಮಕ್ಕಳು ಬೇರೆ. ಲಾಡ್ಜ್ ಹಿಡಿದು ಮೂರೂ ಹೊತ್ತು ಹೋಟೆಲ್ ಊಟ ಅಂದರೆ ಆಗದ ಮಾತು. ಅದಕ್ಕೇ ಹಳೆ ಮಣ್ಣಿನ ಮಾಳಿಗೆ ಮನೆಯೊಂದನ್ನು ದಿನದ ಬಾಡಿಗೆಗೆ ತಗೊಂಡೆವು. ರಿಪೇರಿ ಮಾಡಿಸಿ, ಗ್ಯಾಸ್, ಫ್ರಿಜ್, ಪಾತ್ರೆ ಎಲ್ಲಾ ಇಟ್ಟು ಕೊಡುತ್ತಾರೆ. ಬೆಳಿಗ್ಗೆ ಒಬ್ಬ ಅಕ್ಕ ಬಂದು ಕಸ ಗುಡಿಸಿ, ಹಾಸಿಗೆ ಬಟ್ಟೆ ಬದಲಿಸಿ ಹೋಗುತ್ತಾರೆ. ಮಿಕ್ಕಂತೆ ನಮ್ಮದೇ ದರ್ಬಾರು.

ಈ ಕಡೆ ಹಳೆ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅದರ ಮುಂದೆ ಎತ್ತರಕ್ಕೆ ಪಡಸಾಲೆ ಇರುತ್ತೆ, ಅಲ್ವಾ? ಆ ದನದ ಜಾಗದಲ್ಲಿ ಈಗ ಊಟದ ಟೇಬಲ್ಲು ಮತ್ತು ಅಡುಗೆ ಕಟ್ಟೆ. ಬಚ್ಚಲು ಮಾತ್ರ ಹಿತ್ತಲಲ್ಲಿ ಹೊಸದಾಗಿ ಕಟ್ಟಿದ್ದಾರೆ. ರಾತ್ರಿ ಎದ್ದು ಹೋಗೋಕೆ ಅಪ್ಪ ಗೊಣಗಿದರು, ಆದರೆ ನನಗೆ ಅದೇ ಸರಿ ಅನ್ನಿಸಿತು. ಮಣ್ಣಿನ ಗೋಡೆ ಕೊರೆದು ಪೈಪು ಹಾಯಿಸಿ, ಅದು ಒಂದು ಸಲ ಸೋರಿತು ಅಂದರೆ ಗೋಡೆಯ ಕಥೆ ಮುಗೀತು. ಗಿಲಾವಿಗೂ ಸಿಮೆಂಟ್ ಇಲ್ಲ, ಸುಣ್ಣ. ಸುಣ್ಣವಾದರೆ ಗೋಡೆಯ ತೇವ ಆಚೆ ಆರಿಹೋಗುತ್ತೆ, ಸಿಮೆಂಟ್ ಬಳಿದರೆ ಒಳಗೇ ನಿಂತು ಪದರ ಪದರ ಕಿತ್ತು ಬರುತ್ತೆ. ಬುಕ್ ಮಾಡೋ ಮುಂಚೆ ಗೋಡೆಯ ಬುಡದ ಫೋಟೋ ಕಳಿಸಿ ಅಂತ ಕೇಳಿ. ಉಬ್ಬಿದ್ದು, ಬಿಳಿ ಉಪ್ಪು ಕಂಡರೆ ಆ ಮನೆ ಬೇಡ.

ಬೇಸಿಗೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಏಪ್ರಿಲ್‌ನಲ್ಲಿ ನಮ್ಮ ಕಡೆ 40 ಡಿಗ್ರಿ ಮಾಮೂಲು, ಆನೆಗೊಂದಿ ಸುತ್ತ ಬರೀ ಬಂಡೆ ಬೇರೆ, ಕತ್ತಲಾದರೂ ಕಾವು ಬಿಡುತ್ತಲೇ ಇರುತ್ತವೆ. ದಪ್ಪ ಗೋಡೆ ಮನೆ ತಂಪು ಅಂತಾರೆ, ನಿಜ, ಆದರೆ ಹಗಲು ಮಾತ್ರ. ಹಗಲೆಲ್ಲ ಕುಡಿದ ಬಿಸಿಯನ್ನು ಗೋಡೆ ರಾತ್ರಿ ಒಳಗೆ ಬಿಡುತ್ತೆ. ಅವ್ವ ಮೊದಲ ದಿನವೇ ಬೆಳಿಗ್ಗೆ ಎಂಟಕ್ಕೆ ಕಿಟಕಿ, ಬಾಗಿಲು ಎಲ್ಲಾ ಮುಚ್ಚಿಸಿದಳು, ಸಂಜೆ ಬಿಸಿಲು ಇಳಿದ ಮೇಲೆ ಬೆಳಕಿಂಡಿ ಸಮೇತ ತೆಗೆಸಿದಳು. ಮಧ್ಯಾಹ್ನ ಫ್ಯಾನ್ ಸಾಕಾಯಿತು. ರಾತ್ರಿ ಮಾಳಿಗೆ ಮೇಲೆ ಚಾಪೆ.

ಫೋನ್ ಸಿಗ್ನಲ್ ಒಳಗೆ ಇಲ್ಲವೇ ಇಲ್ಲ, ಆಫೀಸ್ ಕರೆ ಇದ್ದರೆ ಹೊರಗಿನ ಕಟ್ಟೆಗೆ ಬರಬೇಕು. ಗೀಸರ್ ಮತ್ತು ಇಂಡಕ್ಷನ್ ಒಲೆ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುತ್ತೆ.

ಸಾಮಾನು ಗಂಗಾವತಿಯಿಂದಲೇ ತನ್ನಿ. ಸೋನಾ ಮಸೂರಿ ಅಕ್ಕಿಯ ಊರು ಅದು, ಅಕ್ಕಿಗೆ ಯೋಚನೆ ಇಲ್ಲ. ರೊಟ್ಟಿಯನ್ನು ಪಕ್ಕದ ಮನೆಯವರೇ ಬಡಿದು ಕೊಟ್ಟರು, ನಾವು ಪಲ್ಯ, ಶೇಂಗಾ ಚಟ್ನಿ ಮಾಡಿಕೊಂಡೆವು. ಸಂಜೆಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಶುಗರ್ ಇರುವ ಅವ್ವ ಮಿರ್ಚಿ ಎಷ್ಟು ತಿಂದಳು ಅಂತ ಇಲ್ಲಿ ಬರೆಯಲ್ಲ.

ಒಂದು ಮಾತು ಮರೆಯದೆ ಕೇಳಿ: ಈ ಮನೆಗೆ ಪರ್ಮಿಶನ್ ಇದೆಯಾ? ಆನೆಗೊಂದಿ ಹಂಪಿ ವಿಶ್ವ ಪರಂಪರೆ ಪ್ರದೇಶದ ನಿರ್ವಹಣಾ ಪ್ರಾಧಿಕಾರಕ್ಕೆ ಸೇರುತ್ತೆ. ಹತ್ತಿರದ ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಕೆಡವಿದ್ದು ನೆನಪಿರಬಹುದು. ಇಲ್ಲಿ ಹೊಸದು ಕಟ್ಟೋದಕ್ಕಿಂತ ಇದ್ದ ಮನೆ ಉಳಿಸಿ ಬಾಡಿಗೆಗೆ ಕೊಡೋದೇ ಮೇಲು ಅಂತ ನನ್ನ ಲೆಕ್ಕ.

ಬಾಡಿಗೆಯನ್ನು ತಲೆ ಲೆಕ್ಕದಲ್ಲಿ ಅಲ್ಲ, ಇಡೀ ಮನೆಗೆ ಮಾತಾಡಿ. ಡಿಸೆಂಬರ್‌ನಲ್ಲಿ ಹನುಮಮಾಲೆ ಹಾಕಿದ ಭಕ್ತರು ಬರುವ ಹೊತ್ತಿಗೆ ಮಾತ್ರ ಹೋಗಬೇಡಿ. 575 ಮೆಟ್ಟಿಲಿನ ಅಂಜನಾದ್ರಿ ಬೆಟ್ಟದ ಹನುಮಪ್ಪನ ಗುಡಿಗೆ ಆಗ ಜನ ಸಾಗರ, ಗಂಗಾವತಿ ರಸ್ತೆಯಲ್ಲಿ ಗಾಡಿ ಅಲುಗಾಡಲ್ಲ, ಇನ್ನು ಮುಹೂರ್ತಕ್ಕೆ ಮುಟ್ಟೋದು ದೂರದ ಮಾತು.