ಎಷ್ಟನೇ ಕಿಲೋಮೀಟರ್ ಅಂತ ರಸ್ತೆಯ ಗೆರೆಯನ್ನೇ ಕೇಳಿ
ನಕ್ಷೆಯ ಮಾಹಿತಿ ಇಡುವ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಜಿಐಎಸ್‌ನಲ್ಲಿ ಮೋರಿ, ಬೋರ್ಡು, ಗುಂಡಿಗಳ ಜಾಗ ಗುರುತಿಸುವವರು ಗೆರೆಯ ಉದ್ದ ಅಳೆಯುತ್ತಾ ಕೂರಬೇಡಿ, ಕಿಲೋಮೀಟರ್ ಕಲ್ಲಿನ ಅಂಕಿಯನ್ನೇ ಗೆರೆಗೆ ತುಂಬಿ. ತುಮಕೂರಿನ ಹತ್ತಿರದ ರಸ್ತೆಯ ತುಂಡೊಂದು 12ನೇ ಕಲ್ಲಿಂದ 15ರವರೆಗೆ ಇದೆ ಅಂದುಕೊಳ್ಳಿ. ಗೆರೆಗೆ ಅಂಕಿ ತುಂಬುವ ಫಂಕ್ಷನ್ ಎಸ್‌ಟಿ_ಆಡ್‌ಮೆಷರ್‌ಗೆ ಗೆರೆ, 12, 15 ಕೊಡಿ. ಆ ಗೆರೆಯನ್ನೂ ಜಿಪಿಎಸ್ ಬಿಂದುವನ್ನೂ ಎಸ್‌ಟಿ_ಇಂಟರ್‌ಪೊಲೇಟ್‌ಪಾಯಿಂಟ್‌ಗೆ ಕೊಟ್ಟರೆ 13.4 ಅಂತ ಬರುತ್ತದೆ. ಅಂದರೆ 13ನೇ ಕಲ್ಲು ದಾಟಿ ಸುಮಾರು 400 ಮೀಟರ್. ಬಿಂದುವಿಗೆ ಅತಿ ಹತ್ತಿರದ ಜಾಗವನ್ನು ಅದು ಗೆರೆಯ ಮೇಲೆ ಹುಡುಕಿ, ಎರಡು ತುದಿಯ ಅಂಕಿಗಳ ನಡುವೆ ಪಾಲು ಹಾಕುತ್ತದೆ. ಹಾಗಾಗಿ ನಕ್ಷೆಯ ಉದ್ದಕ್ಕೂ ಕಲ್ಲಿನ ಲೆಕ್ಕಕ್ಕೂ ತಾಳೆಯಾಗದಿದ್ದರೂ ಪರವಾಗಿಲ್ಲ, ತುಂಡು ಚಿಕ್ಕದಿದ್ದಷ್ಟೂ ಒಳ್ಳೆಯದು. ಗೆರೆಯನ್ನು ಎಳೆದ ದಿಕ್ಕು ಉಲ್ಟಾ ಇದ್ದರೆ ಲೆಕ್ಕವೂ ಉಲ್ಟಾ, ಮೊದಲೇ ನೋಡಿಕೊಳ್ಳಿ. ಒಂದು ತುಂಡಿನೊಳಗೇ ಗೆರೆ ಒಡೆದಿದ್ದರೆ, ಅಂಕಿ ತುಂಬುವ ಮೊದಲೇ ಎಸ್‌ಟಿ_ಲೈನ್‌ಮರ್ಜ್‌ನಿಂದ ಸೇರಿಸಿ. ನಂದಿ ಬೆಟ್ಟದ ತಿರುವುಗಳಲ್ಲಿ ಮಾತ್ರ ಇದನ್ನು ಕಣ್ಣು ಮುಚ್ಚಿ ನಂಬಬೇಡಿ: ಜಿಪಿಎಸ್ ಹತ್ತು ಮೀಟರ್ ತಪ್ಪಿದರೂ ಬಿಂದು ಪಕ್ಕದ ತಿರುವಿಗೆ ಹಾರಿಬಿಡಬಹುದು. ಇನ್ನೊಂದು, ಗೆರೆ, ಬಿಂದುಗಳನ್ನು ಮೀಟರ್ ಲೆಕ್ಕದಲ್ಲಿ ಇಡುವ ಯುಟಿಎಂ ಪದ್ಧತಿಯಲ್ಲಿ ತುಮಕೂರಿಗೆ ವಲಯ 43 ಸರಿ. ಆದರೆ ಕೋಲಾರ ಪಟ್ಟಣ 78 ಡಿಗ್ರಿ ರೇಖಾಂಶ ದಾಟಿದೆ ಅಲ್ವಾ, ಅಲ್ಲಿಗೆ 44.