ಒಂದು ಬಹ್ತ್‌ಗೆ ಎಷ್ಟು ರೂಪಾಯಿ: ಥಾಯ್ಲೆಂಡ್ ಪ್ರವಾಸದಲ್ಲಿ ನಾನು ಇಟ್ಟ ಲೆಕ್ಕ

2024ರ ನವೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಹತ್ತು ದಿನ ಬ್ಯಾಂಕಾಕ್ ಮತ್ತು ಚಿಯಾಂಗ್ ಮಾಯ್ ನೋಡಿಕೊಂಡು ಬಂದೆ. ಹಣ ಬದಲಿಸಿದಾಗಲೆಲ್ಲ ಸಣ್ಣದೊಂದು ಪುಸ್ತಕದಲ್ಲಿ ಎರಡೇ ಅಂಕಿಗಳನ್ನು ಬರೆದಿಡುತ್ತಿದ್ದೆ: ಶುಲ್ಕ, ತೆರಿಗೆ ಎಲ್ಲ ಸೇರಿ ನನ್ನಿಂದ ಹೋದ ರೂಪಾಯಿ ಎಷ್ಟು, ಕೈಗೆ ಬಂದ ಬಹ್ತ್ ಎಷ್ಟು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಿಗುವುದೇ ನಾವು ತೆತ್ತ ನಿಜವಾದ ದರ. ‘ಕಮಿಷನ್ ಇಲ್ಲ’ ಎಂದು ಫಲಕ ಹಾಕಿಕೊಂಡವರು ತಮ್ಮ ಲಾಭವನ್ನು ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರದಲ್ಲಿ ಮೊದಲೇ ಸೇರಿಸಿರುತ್ತಾರಾದ್ದರಿಂದ, ಈ ಭಾಗಾಕಾರದ ಹೊರತು ಬೇರೆ ಯಾವುದನ್ನೂ ನಾನು ನಂಬಲಿಲ್ಲ. ಆ ದಿನಗಳಲ್ಲಿ ಮಾರುಕಟ್ಟೆಯ ದರ ಬಹ್ತ್‌ಗೆ ಸುಮಾರು 2.45 ರೂಪಾಯಿ ಇತ್ತು.

ಬೆಂಗಳೂರಿನಲ್ಲಿ ನೇರವಾಗಿ ಬಹ್ತ್ ನೋಟು ಕೊಳ್ಳಲು ವಿಚಾರಿಸಿದಾಗ 2.58 ಎಂದರು. ಡಾಲರಿನಷ್ಟು ಬಹ್ತ್ ನಮ್ಮಲ್ಲಿ ಓಡಾಡುವುದಿಲ್ಲವಾದ್ದರಿಂದ ವ್ಯಾಪಾರಿ ಅದರ ಮೇಲೆ ಹೆಚ್ಚು ಲಾಭ ಇಟ್ಟುಕೊಳ್ಳುತ್ತಾನೆ. ಹಾಗಾಗಿ ಪಾಸ್‌ಪೋರ್ಟ್, ಪ್ಯಾನ್ ಮತ್ತು ವಿಮಾನದ ಟಿಕೆಟ್ ತೋರಿಸಿ 85.20ರಂತೆ 500 ಡಾಲರ್ ಕೊಂಡೆ. ವಿನಿಮಯ ಒಂದು ಲಕ್ಷ ರೂಪಾಯಿಯೊಳಗಿದ್ದರೆ ಮೊತ್ತದ ಶೇ 1ರ ಮೇಲೆ ಮಾತ್ರ ಶೇ 18ರ ಜಿಎಸ್‌ಟಿ ಬೀಳುತ್ತದೆ. ನನಗೆ ಅದು 77 ರೂಪಾಯಿ ಆಯಿತು. ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಹೊರಬರುತ್ತಿದ್ದಂತೆ ಎದುರಾಗುವ ಕೌಂಟರುಗಳನ್ನು ಬಿಟ್ಟು, ನಗರಕ್ಕೆ ಹೋಗುವ ರೈಲು ಹತ್ತುವ ನೆಲಮಾಳಿಗೆಗೆ ಇಳಿದೆವು. ಅಲ್ಲಿನ ವಿನಿಮಯ ಮಳಿಗೆಯಲ್ಲಿ ಡಾಲರಿಗೆ 34.30 ಬಹ್ತ್ ಸಿಕ್ಕಿತು. ಎರಡು ಸಲ ಬದಲಾಯಿಸಿದರೂ ಬಹ್ತ್‌ಗೆ ಬಿದ್ದ ಬೆಲೆ 2.49.

ಆ ಮಳಿಗೆಯ ಫಲಕದಲ್ಲಿ ಡಾಲರಿಗೇ ಹಲವು ಸಾಲುಗಳಿದ್ದವು. 100 ಮತ್ತು 50ರ ನೋಟುಗಳಿಗೆ ಒಳ್ಳೆಯ ದರ, 20, 10, 5 ಮತ್ತು 1ರ ನೋಟುಗಳಿಗೆ ಅದಕ್ಕಿಂತ ಕಡಿಮೆ. ನಾನು ನೂರರ ನೋಟುಗಳನ್ನೇ ಕೇಳಿ ಪಡೆದದ್ದು ಉಪಯೋಗಕ್ಕೆ ಬಂತು. ಆದರೆ ಗಾಜಿನ ಹಿಂದಿದ್ದ ಹೆಂಗಸು ಐದನೆಯ ನೋಟನ್ನು ಬೆಳಕಿಗೆ ಹಿಡಿದು, ಅಂಚಿನಲ್ಲಿ ಸಾಸಿವೆ ಕಾಳಿನಷ್ಟಿದ್ದ ನೀಲಿ ಮುದ್ರೆಯನ್ನು ಬೆರಳಿನಿಂದ ತೋರಿಸಿ ನನ್ನ ಕಡೆಗೆ ಸರಿಸಿಬಿಟ್ಟಳು. ಕೊಳ್ಳುವಾಗ ನೋಟು ಎಣಿಸಿದ್ದೆನೇ ಹೊರತು ಎರಡೂ ಬದಿ ನೋಡಿರಲಿಲ್ಲ. ಆ ನೂರು ಡಾಲರ್ ಹತ್ತು ದಿನವೂ ಪರ್ಸಿನಲ್ಲೇ ಉಳಿಯಿತು. ಈಗ ಪ್ರತಿ ನೋಟನ್ನೂ ತಿರುಗಿಸಿ ನೋಡಿ, ಗೀರು, ಮುದ್ರೆ, ಹರಿದ ಅಂಚು ಕಂಡರೆ ಅಲ್ಲಿಯೇ ಬದಲಿಸಿಕೊಳ್ಳುತ್ತೇನೆ.

ನಮ್ಮ ಕಾರ್ಡುಗಳಲ್ಲಿ ವಿದೇಶಿ ಬಳಕೆ ತಾನಾಗಿ ಚಾಲೂ ಇರುವುದಿಲ್ಲ. 2020ರ ರಿಸರ್ವ್ ಬ್ಯಾಂಕ್ ಆದೇಶದ ನಂತರ ಅದನ್ನು ನಾವೇ ಆ್ಯಪ್‌ನಲ್ಲಿ ಚಾಲೂ ಮಾಡಬೇಕು. ಹೊರಡುವ ಮುನ್ನ ಅದನ್ನು ಮಾಡಿಟ್ಟುಕೊಂಡಿದ್ದರೂ ಎಟಿಎಂ ದುಬಾರಿಯೇ ಆಯಿತು. ವಿದೇಶಿ ಕಾರ್ಡಿಗೆ ಅಲ್ಲಿನ ಯಂತ್ರ ಪ್ರತಿ ಸಲವೂ 220 ಬಹ್ತ್ ಹಿಡಿಯಿತು. ಅದರ ಮೇಲೆ ನನ್ನ ಡೆಬಿಟ್ ಕಾರ್ಡಿನ ಶೇ 3.5ರ ಮಾರ್ಕಪ್ (ವಿದೇಶಿ ಹಣದ ವ್ಯವಹಾರಕ್ಕೆ ಬ್ಯಾಂಕ್ ಸೇರಿಸುವ ಹೆಚ್ಚುವರಿ ಮೊತ್ತ), ಮಾರ್ಕಪ್ಪಿಗೆ ಜಿಎಸ್‌ಟಿ, ಜಿಎಸ್‌ಟಿ ಸೇರಿ 177 ರೂಪಾಯಿಯ ಬ್ಯಾಂಕ್ ಶುಲ್ಕ. ಮೊದಲ ಸಲ ಹೆದರಿಕೊಂಡು 2,000 ಬಹ್ತ್ ಮಾತ್ರ ತೆಗೆದಾಗ ಬಹ್ತ್‌ಗೆ 2.92 ಬಿತ್ತು. ಎರಡನೆಯ ಸಲ 10,000 ತೆಗೆದಾಗ ಅದೇ ಶುಲ್ಕ ಹಂಚಿಹೋಗಿ 2.63ಕ್ಕೆ ಇಳಿಯಿತು. ಸ್ವಲ್ಪ ಸ್ವಲ್ಪವೇ ತೆಗೆಯುವುದು ಸುರಕ್ಷಿತ ಎಂಬ ನಮ್ಮ ಊರಿನ ಅಭ್ಯಾಸ ಅಲ್ಲಿ ನಷ್ಟಕ್ಕೆ ದಾರಿ.

ಹೆಚ್ಚಿನವರು ಹಣ ಕಳೆದುಕೊಳ್ಳುವುದು ಮಾತ್ರ ಇನ್ನೊಂದು ಕಡೆ ಎಂದು ನನಗೆ ಅನ್ನಿಸುತ್ತದೆ. ಚಿಯಾಂಗ್ ಮಾಯ್‌ನ ಹೋಟೆಲಿನಲ್ಲಿ 4,300 ಬಹ್ತ್ ಬಿಲ್ಲಿಗೆ ಕ್ರೆಡಿಟ್ ಕಾರ್ಡ್ ಕೊಟ್ಟಾಗ ಯಂತ್ರದ ಪರದೆಯಲ್ಲಿ ಎರಡು ಮೊತ್ತಗಳು ಕಾಣಿಸಿದವು: ಒಂದು ಬಹ್ತ್‌ನಲ್ಲಿ, ಇನ್ನೊಂದು 11,180 ರೂಪಾಯಿ ಎಂದು. ಪಕ್ಕದಲ್ಲಿದ್ದ ಅಮ್ಮ, “ನಮ್ಮ ರೂಪಾಯಿಯದನ್ನೇ ಒತ್ತು ಮಗಳೇ, ಲೆಕ್ಕವಾದರೂ ಗೊತ್ತಾಗುತ್ತದೆ” ಎಂದರು. ಪರಿಚಿತ ಅಂಕಿ ಕಂಡಾಗ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಆದರೆ ಭಾಗಿಸಿದರೆ ಆ ಮೊತ್ತ ಬಹ್ತ್‌ಗೆ 2.60 ಆಗುತ್ತದೆ, ಏಕೆಂದರೆ ಅದು ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನ ದರವಲ್ಲ, ಯಂತ್ರ ಇಟ್ಟವರು ತಮ್ಮ ಲಾಭ ಸೇರಿಸಿ ಹಾಕಿದ ದರ. ಸಾಲದೆಂಬಂತೆ, ವಿದೇಶದಲ್ಲಿ ರೂಪಾಯಿಯಲ್ಲಿ ಪಾವತಿಸಿದ್ದಕ್ಕೂ ಶುಲ್ಕ ಹಾಕುವ ಬ್ಯಾಂಕುಗಳು ನಮ್ಮಲ್ಲಿವೆ. ನಾನು ಬಹ್ತ್ ಒತ್ತಿದೆ. ಶೇ 2ರ ಮಾರ್ಕಪ್ ಮತ್ತು ಅದರ ಜಿಎಸ್‌ಟಿ ಸೇರಿ ಸ್ಟೇಟ್‌ಮೆಂಟಿನಲ್ಲಿ ಬಂದದ್ದು 10,784 ರೂಪಾಯಿ, ಅಂದರೆ 2.51. ಊರಿಗೆ ಬಂದ ಮೇಲೆ ಅಮ್ಮನಿಗೆ ಅದನ್ನು ತೋರಿಸಿದೆ. ಎಟಿಎಂ ಕೂಡ ಇದೇ ಪ್ರಶ್ನೆ ಕೇಳುತ್ತದೆ. ಪರಿವರ್ತನೆ ಬೇಡ ಎಂದು ಒತ್ತಿದರೆ ವ್ಯವಹಾರವೇ ರದ್ದಾಗುತ್ತದೆಂದು ಹಿಂಜರಿಯುವವರಿದ್ದಾರೆ; ಎರಡು ಸಲವೂ ನಾನು ಬೇಡವೆಂದೇ ಒತ್ತಿದೆ, ನೋಟುಗಳು ಬಂದವು.

ಬೀದಿ ಬದಿಯ ತಿಂಡಿ, ತುಕ್ ತುಕ್, ವಾಟ್ ಫೋ ದೇಗುಲದ ಬಳಿಯ ಎಳನೀರು ಇವಕ್ಕೆಲ್ಲ ನಗದನ್ನೇ ಕೊಟ್ಟೆವು. ಅಂಗಡಿಗಳಲ್ಲಿ ಕ್ಯೂಆರ್ ಚೀಟಿಗಳು ನೇತಾಡುತ್ತಿದ್ದರೂ ನನ್ನ ಫೋನಿನಿಂದ ಪಾವತಿ ಆಗಲಿಲ್ಲ.

ಉಳಿದ ವಿದೇಶಿ ನೋಟುಗಳಲ್ಲಿ 2,000 ಡಾಲರ್ ಮೌಲ್ಯದವರೆಗೆ ನಾವು ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿನದನ್ನು ಮರಳಿದ 180 ದಿನಗಳೊಳಗೆ ಒಪ್ಪಿಸಬೇಕು. ಕೊನೆಯ ರಾತ್ರಿ ನಮ್ಮ ಬಳಿ 1,340 ಬಹ್ತ್ ಉಳಿದಿತ್ತು. ಅದನ್ನು ಬೆಂಗಳೂರಿನಲ್ಲಿ ಮಾರಿದ್ದರೆ ಕೊಂಡ ಬೆಲೆಯೂ ಹುಟ್ಟುತ್ತಿರಲಿಲ್ಲ, ನಾಣ್ಯಗಳನ್ನಂತೂ ಯಾರೂ ಮುಟ್ಟುವುದಿಲ್ಲ. ಬ್ಯಾಂಕಾಕಿನ ಹೋಟೆಲಿನಲ್ಲಿ ಬಿಲ್ಲಿನ 1,300 ಬಹ್ತ್ ನಗದಾಗಿ ಕೊಟ್ಟು ಮಿಕ್ಕದ್ದಕ್ಕೆ ಕಾರ್ಡ್ ಕೊಡಬಹುದೇ ಎಂದು ಕೇಳಿದಾಗ ಅವರು ಒಪ್ಪಿದರು. ಉಳಿದ ನಾಣ್ಯಗಳನ್ನು ಅಮ್ಮ ಒಂದೊಂದಾಗಿ ರೈಲಿನ ಟಿಕೆಟ್ ಯಂತ್ರಕ್ಕೆ ಹಾಕಿದರು.